ಕವಿಗುರುವಿನ ರೇಖಾಲೀಲೆ



ಇದ್ದಲಿನ ಒಂದು ಚೂರು, ಸುಣ್ಣ ಬಳಿದ ಒಂದು ಗೋಡೆ, ಈ ಎರಡು ದೊರೆತರೆ ಬಾಲ್ಯದಲ್ಲಿ ತಮಗಾಗುತ್ತಿದ್ದ ಆನಂದವನ್ನು ಒಮ್ಮೆ ಸ್ಮರಿಸಿಕೊಳ್ಳಬೇಕು. ಆನೆಯಾಗಲೆಂದು ಹೊರಟ ಗೆರೆ ಎಮ್ಮೆಯಾಗಿರಬಹುದು. ಎಮ್ಮೆಯೂ ಆಗದೆ ಹೆಸರಿಲ್ಲದ ಯಾವುದೋ ಪ್ರಾಣಿಯಾಗಿ ನಿಂತಿರಬಹುದು. ಅದರಿಂದ ತಮಗೆ ಎಳ್ಳಷ್ಟೂ ವ್ಯಥೆಯಾಗಲಿಲ್ಲ. ಗೋಡೆ ಹೊಲಸಾಯಿತೆಂದು ಹಿರಿಯರು ಗದರಿದ ಮೇಲೆ, ಗೆರೆ ಸೊಟ್ಟಗಾಯಿತೆಂದು ಉಪಾಧ್ಯಾಯರು ತಿದ್ದಿದ ಮೇಲೆ ಆ ಕೈ ಹಿಂಜರಿಯಿತು. "ನನಗೆ ಚಿತ್ರ ಬರೆಯಲು ಬಾರದು" ಎಂಬ ಮಾತು ನಮ್ಮಲ್ಲಿ ಬಹುಮಂದಿಗೆ ಹುಟ್ಟುಗುಣವೆಂಬಂತೆ ಅಂಟಿಕೊಂಡಿತು. ಹೀಗೆ ಕಳೆದುಹೋದ ಆನಂದವು ಮುಪ್ಪಿನಲ್ಲಿ ಮರಳಿ ದೊರೆಯಬಲ್ಲುದೇ? ದೊರೆಯಬಲ್ಲುದೆಂಬುದಕ್ಕೆ ನಮ್ಮ ದೇಶದ ಇತಿಹಾಸದಲ್ಲಿಯೇ ಒಂದು ಉಜ್ವಲ ನಿದರ್ಶನವಿದೆ. ಅದು ರವೀಂದ್ರನಾಥ ಠಾಕೂರರು ಚಿತ್ರಕಾರರಾದ ವೃತ್ತಾಂತ.

1861ರಲ್ಲಿ ರವೀಂದ್ರರು ಜನಿಸಿದ ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಕಲೆಗೆ ಕೊರತೆಯಿರಲಿಲ್ಲ. ಅಣ್ಣ ಜ್ಯೋತಿರಿಂದ್ರನಾಥರು ಪೆನ್ಸಿಲಿನಿಂದ ಬಂಧುಮಿತ್ರರ ಮುಖಗಳನ್ನು ಬರೆಯುತ್ತಿದ್ದರು. ದಾಯಾದಿ ಸಂಬಂಧದಿಂದ ಅಣ್ಣನ ಮಕ್ಕಳಾಗಬೇಕಾದ ಗಗನೇಂದ್ರನಾಥ ಮತ್ತು ಅವನೀಂದ್ರನಾಥರು ಭಾರತೀಯ ಚಿತ್ರಕಲೆಯ ನವೋದಯಕ್ಕೆ ಕಾರಣರಾದವರು. ಕನ್ನಡ ನಾಡಿನ ಕೆ. ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ತೆರಳಿ ಹಲವು ವರ್ಷ ಶ್ರಮದಿಂದ ಕೈ ಪಳಗಿಸಿಕೊಂಡುದು ಈ ಅವನೀಂದ್ರನಾಥರ ಬಳಿಯಲ್ಲಿಯೇ. ಇಂತಹ ಪರಿಸರದಲ್ಲಿದ್ದೂ ರವೀಂದ್ರರು ಚಿತ್ರಕಾರರಾಗಲಿಲ್ಲ.

ಆಸೆಯೇನೋ ಇದ್ದಿತು. 1900ರಲ್ಲಿ ತಮ್ಮ ಮಿತ್ರರಾದ ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರವೊಂದರಲ್ಲಿ, ತಾವು ಚಿತ್ರ ಬರೆಯಲು ತೊಡಗಿರುವುದಾಗಿ ವಿನೋದದಿಂದ ತಿಳಿಸಿದ್ದಾರೆ. ತಮ್ಮ ಕೈಯಲ್ಲಿ ಪೆನ್ಸಿಲಿಗಿಂತ ರಬ್ಬರಿಗೇ ಹೆಚ್ಚು ಕೆಲಸವೆಂದು ಅಲ್ಲಿ ನಕ್ಕಿದ್ದಾರೆ. ಈ ರಬ್ಬರಿನ ಸಂಗತಿಯನ್ನು ವಾಚಕರು ದಯಮಾಡಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬರೆಯಬೇಕಾದುದು ಹೀಗೆಯೇ ಇರಬೇಕೆಂಬ ಒಂದು ಮಾದರಿ ಮನಸ್ಸಿನಲ್ಲಿದ್ದಿತು. ಗೆರೆ ಅದಕ್ಕೆ ಹೊಂದದಿದ್ದಾಗ ಅಳಿಸಬೇಕಾಗುತ್ತಿತ್ತು. ಅಳಿಸುವ ಕೈಗೆ ಆನಂದವೆಲ್ಲಿಯದು? ಆ ಪ್ರಯತ್ನ ಅಷ್ಟಕ್ಕೇ ನಿಂತಿತು.

ಮುಂದಿನ ಎರಡು ದಶಕಗಳಲ್ಲಿ ಅವರ ಬಾಳು ಸುಖದ ಹಾದಿಯಲ್ಲಿ ಸಾಗಲಿಲ್ಲ. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ, 1918ರಲ್ಲಿ ಹಿರಿಯ ಮಗಳು ಮಾಧುರೀಲತಾ, ಒಬ್ಬರ ಹಿಂದೆ ಒಬ್ಬರು ಅಗಲಿದರು. ಈ ನಡುವೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1921ರಲ್ಲಿ ವಿಶ್ವಭಾರತಿಯ ಸ್ಥಾಪನೆಯಾಯಿತು. ಕೀರ್ತಿಯೂ ಹೊಣೆಯೂ ಶೋಕವೂ ಏಕಕಾಲದಲ್ಲಿ ಹೆಗಲೇರಿದ್ದ ಮನುಷ್ಯನಿಗೆ ಆಟವು ಎತ್ತಣಿಂದ ಬಂದೀತು?

ಅದು ಬಂದುದು ತಪ್ಪುಗಳ ಮೂಲಕ. 1924ರಲ್ಲಿ ರವೀಂದ್ರರು ಪೆರು ದೇಶದ ಸ್ವಾತಂತ್ರ್ಯದ ಶತಮಾನೋತ್ಸವಕ್ಕೆಂದು ಹಡಗಿನಲ್ಲಿ ಹೊರಟವರು ಮಾರ್ಗದಲ್ಲಿ ಅಸ್ವಸ್ಥರಾಗಿ ಅರ್ಜೆಂಟೀನಾದಲ್ಲಿ ಇಳಿಯಬೇಕಾಯಿತು. ವಿಕ್ಟೋರಿಯಾ ಒಕಾಂಪೊ ಎಂಬ ವಿದುಷಿ ಬ್ಯೂನಸ್ ಐರಿಸ್ ಸಮೀಪದ ಸಾನ್ ಇಸಿದ್ರೊದಲ್ಲಿ, ನದಿಗೆ ಮುಖ ಮಾಡಿದ ಮನೆಯೊಂದರಲ್ಲಿ ಅವರಿಗೆ ಆಶ್ರಯವಿತ್ತರು. ಅಲ್ಲಿ ಅವರು ಬರೆಯುತ್ತಿದ್ದ ಕವಿತೆಗಳು 1925ರಲ್ಲಿ 'ಪೂರಬಿ' ಎಂಬ ಸಂಕಲನವಾಗಿ ಹೊರಬಂದವು. ಆ ಕವಿತೆಗಳ ಹಸ್ತಪ್ರತಿಯನ್ನು ಕಂಡು ಒಕಾಂಪೊ ಬೆರಗಾದರು. ಕವಿ ಹೊಡೆದುಹಾಕಿದ ಪದಗಳು ಹಾಗೆಯೇ ಕಾಟಾಗಿ ಉಳಿದಿರಲಿಲ್ಲ. ಒಂದು ಸಾಲಿನ ಕಾಟು ಕೆಳಗಿನ ಸಾಲಿನ ಕಾಟಿನೊಡನೆ ಕೈಗೂಡಿಸಿತ್ತು. ಅದರ ಅಂಚು ಕೊಕ್ಕಾಗಿ ಬಾಗಿತ್ತು. ಮತ್ತೊಂದು ಬಾಲವಾಗಿ ಸುರುಳಿಗೊಂಡಿತ್ತು. ಕವಿತೆಯ ನಡುವೆ ಪಕ್ಷಿಗಳೂ ಸರ್ಪಗಳೂ ಮನುಷ್ಯಮುಖಗಳೂ ತಲೆಯೆತ್ತಿದ್ದವು.

ಇದಕ್ಕೂ ಮುಂಚಿನ ಅವರ ಹಸ್ತಪ್ರತಿಗಳಲ್ಲಿ ಇಂತಹ ಕುರುಹುಗಳುಂಟು. ಆದರೆ ಈಗ ಅದು ಅವರಿಗೆ ನಿತ್ಯದ ವಿನೋದವಾಯಿತು. ಹೊಡೆದುಹಾಕಿದ ಪದಗಳು ಅನಾಥವಾಗಿ ಪುಟದ ಮೇಲೆ ಬಿದ್ದಿರುವುದನ್ನು ತಮ್ಮ ಕಣ್ಣು ಸಹಿಸಲಾರದೆಂದೂ, ಅವುಗಳಿಗೆ ಒಂದು ಲಯವನ್ನು ಕೊಟ್ಟು ಉದ್ಧರಿಸುವುದರಲ್ಲಿ ಕವಿತೆಗಿಂತ ಹೆಚ್ಚು ಹೊತ್ತು ಕಳೆಯುತ್ತಿದ್ದೆನೆಂದೂ ಅವರು ಮುಂದೆ ವಿವರಿಸಿದ್ದುಂಟು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ರಬ್ಬರನ್ನು ಈಗ ನೆನೆಯಿರಿ. ಅಂದು ತಪ್ಪನ್ನು ಅಳಿಸಿದರು, ಚಿತ್ರ ಹುಟ್ಟಲಿಲ್ಲ. ಇಂದು ತಪ್ಪನ್ನು ಅಳಿಸದೆ ಅದರ ಜೊತೆಗೆ ನಡೆದರು, ಅದೇ ಚಿತ್ರವಾಯಿತು.

1928ರಲ್ಲಿ ಈ ಆಟವು ಕವಿತೆಯ ಹಾಳೆಯನ್ನು ಬಿಟ್ಟು ತನ್ನದೇ ಹಾಳೆಗೆ ಬಂದಿತು. ಆ ವರ್ಷದ ಜೂನ್ ತಿಂಗಳಲ್ಲಿ ರವೀಂದ್ರರು, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಶೀಲರ ಅತಿಥಿಯಾಗಿ ಬೆಂಗಳೂರಿನಲ್ಲಿದ್ದು 'ಶೇಷೇರ್ ಕಬಿತಾ' ಕಾದಂಬರಿಯನ್ನು ಮುಗಿಸಿದರು. ಕನ್ನಡ ನೆಲದಲ್ಲಿ ಅವರ ಲೇಖನಿ ಹೀಗೆ ಸಾಗಿದ್ದ ವರ್ಷವೇ ಅವರ ಕುಂಚವೂ ಎಚ್ಚತ್ತುದನ್ನು ನೆನೆದು ನಾವು ಸಂತೋಷಪಡಬಹುದು. ಆಗ ಅವರಿಗೆ ಅರುವತ್ತೇಳು ವರ್ಷ.

ಅವರು ಚಿತ್ರ ಬರೆಯುತ್ತಿದ್ದ ಕ್ರಮವೂ ಅರಿಯತಕ್ಕದ್ದು. ಲೇಖನಿಯ ಮಸಿ, ಬಣ್ಣದ ಶಾಯಿ, ಚಿಂದಿ ಬಟ್ಟೆ, ಕೈಬೆರಳು, ಒಮ್ಮೊಮ್ಮೆ ಹೂವಿನ ಎಸಳಿನ ರಸ, ಕೈಗೆ ದೊರೆತುದೆಲ್ಲವೂ ಸಾಧನವೇ. ಒಂದೇ ಬೈಠಕಿನಲ್ಲಿ ಚಿತ್ರ ಮುಗಿಯಬೇಕು. ಹೆಸರಿಡುವ ಗೋಜಿಲ್ಲ. ಕೆಂಪು ಬಣ್ಣವನ್ನು ಅವರ ಕಣ್ಣು ಇತರರಂತೆ ಗುರುತಿಸುತ್ತಿರಲಿಲ್ಲವೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಆ ಕೊರತೆಯೂ ಅವರನ್ನು ತಡೆಯಲಿಲ್ಲ. ಕವಿತೆಯಲ್ಲಿ ಭಾವ ಮೊದಲು, ಮಾತು ಅನಂತರ. ಚಿತ್ರದಲ್ಲಾದರೋ ರೇಖೆ ಮೊದಲು ಬಂದು ರೂಪವು ಮೆಲ್ಲನೆ ತಲೆದೋರುವುದೆಂಬ ಅರ್ಥದಲ್ಲಿ ಅವರು ಆ ದಿನಗಳಲ್ಲಿ ಪತ್ರ ಬರೆದಿದ್ದಾರೆ. ಏನು ಬರುವುದೆಂದು ಬರೆಯುವವನಿಗೇ ತಿಳಿಯದು. ಬಂದುದನ್ನು ಕಂಡು ಮೊದಲು ಬೆರಗಾಗುವವನು ಅವನೇ.

1930ರ ಮೇ ತಿಂಗಳಲ್ಲಿ ಒಕಾಂಪೊ ಅವರ ನೆರವಿನಿಂದ ಪ್ಯಾರಿಸ್ಸಿನ ಪಿಗಾಲ್ ಕಲಾಶಾಲೆಯಲ್ಲಿ ಮೊದಲ ಪ್ರದರ್ಶನ ನಡೆಯಿತು. ಅದೇ ವರ್ಷ ಲಂಡನ್, ಬರ್ಲಿನ್, ಮಾಸ್ಕೋ, ನ್ಯೂಯಾರ್ಕ್ ಮೊದಲಾದ ನಗರಗಳು ಆ ಚಿತ್ರಗಳನ್ನು ಕಂಡವು. ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಗೆ ಐದು ಚಿತ್ರಗಳು ಸಂದವು. ಏಳು ವರ್ಷಗಳ ತರುವಾಯ, 1937ರಲ್ಲಿ, ನಾಜಿ ಸರ್ಕಾರವು ಭ್ರಷ್ಟಕಲೆಯೆಂದು ಹೆಸರಿಟ್ಟು ಚಿತ್ರಶಾಲೆಗಳಿಂದ ಹೊರಹಾಕಿದ ಕೃತಿಗಳಲ್ಲಿ ಅವೂ ಸೇರಿದವು. ಶಸ್ತ್ರಬಲವುಳ್ಳ ಪ್ರಭುತ್ವವೊಂದು ವೃದ್ಧ ಕವಿಯ ಶಾಯಿಯ ಹಕ್ಕಿಗಳಿಗೆ ಏಕೆ ಹೆದರಬೇಕು? ಎಲ್ಲರ ಗೆರೆಯೂ ಒಂದೇ ಮಾದರಿಗೆ ಹೊಂದಬೇಕೆನ್ನುವವರಿಗೆ, ತನ್ನಿಚ್ಛೆಯಂತೆ ಹರಿಯುವ ಗೆರೆ ಸಹ್ಯವಾಗದು.

ಅದೇ 1937ರಲ್ಲಿ ರವೀಂದ್ರರು ಮಾಡಿದುದೇನು? 'ಖಾಪಛಾಡಾ', 'ಶೇ' ಎಂಬ ಎರಡು ನಗೆಯ ಪುಸ್ತಕಗಳನ್ನು ಬರೆದು, ಚಿತ್ರಗಳನ್ನೂ ತಾವೇ ಬರೆದು ಅಚ್ಚುಹಾಕಿಸಿದರು. 'ಶೇ' ಹುಟ್ಟಿದುದು ಮೊಮ್ಮಗಳಿಗೆ ಹೇಳಿದ ಕಥೆಗಳಿಂದ. 1941ರಲ್ಲಿ ದೇಹ ಬಿಡುವ ವೇಳೆಗೆ ಅವರ ಚಿತ್ರಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತು. 1976ರಲ್ಲಿ ಭಾರತ ಸರ್ಕಾರವು ಅವರ ಕೃತಿಗಳನ್ನು ರಾಷ್ಟ್ರೀಯ ಕಲಾನಿಧಿಯೆಂದು ಘೋಷಿಸಿತು.

ಇಲ್ಲಿ ಎರಡು ಸಂದೇಹಗಳು ಏಳಬಹುದು. ಆಟವೆಂದರೆ ಅಲಕ್ಷ್ಯವೇ ಎಂಬುದು ಮೊದಲನೆಯದು. ಅಲ್ಲ. ಐವತ್ತು ವರ್ಷ ಛಂದಸ್ಸಿನಲ್ಲಿ ಪಳಗಿದ ಕಿವಿಯೇ ಅವರ ಗೆರೆಗೆ ಲಯವನ್ನು ಕಲಿಸಿತು. ಅವರು ತೊರೆದುದು ಭಯವನ್ನು ಮಾತ್ರ, ಶ್ರದ್ಧೆಯನ್ನಲ್ಲ. ಆನಂದದಿಂದ ಬರೆದುದೆಲ್ಲ ನಗುಮುಖವಾಗಿರಬೇಕೇ ಎಂಬುದು ಎರಡನೆಯದು. ಅವರ ಚಿತ್ರಗಳಲ್ಲಿ ಕತ್ತಲೆಯಿಂದ ನೋಡುವ ಮ್ಲಾನವದನದ ಸ್ತ್ರೀಯರು ಅನೇಕರಿದ್ದಾರೆ. ದುಃಖವು ಚಿತ್ರದಲ್ಲಿ ಇಳಿದು ನಿಂತಿತು. ಆನಂದವು ಬರೆಯುವ ಕೈಯಲ್ಲಿ ಉಳಿಯಿತು. ಶೋಕವನ್ನು ಹೊತ್ತವನಿಗೂ ಆಟವಾಡುವ ಅಧಿಕಾರವುಂಟೆಂಬುದೇ ಈ ಇತಿಹಾಸದ ಸಾರ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಕೋರಿಕೆ. ಮನೆಯ ಮಗು ಎಳೆದ ಗೆರೆಯನ್ನು ತಿದ್ದುವ ಮೊದಲು, ಅದು ಏನಾಗಲಿರುವುದೆಂದು ಒಂದು ಕ್ಷಣ ಕಾದು ನೋಡಿರಿ. ತಮ್ಮ ಲೆಕ್ಕದ ಪುಸ್ತಕದಲ್ಲಿಯೇ ಹೊಡೆದುಹಾಕಿದ ಅಂಕಿಯೊಂದು ಕಣ್ಣಿಗೆ ಬಿದ್ದರೆ, ಲೇಖನಿಯನ್ನು ಕೆಳಗಿಡದೆ ಅದಕ್ಕೊಂದು ರೆಕ್ಕೆ ಬರೆಯಿರಿ. ಯಾರಿಗೂ ತೋರಿಸಬೇಕಾದುದಿಲ್ಲ. ಬಾಲ್ಯದಲ್ಲಿ ಗೋಡೆಯ ಮೇಲೆ ಬಿಟ್ಟುಬಂದ ಆ ಹೆಸರಿಲ್ಲದ ಪ್ರಾಣಿ ಇನ್ನೂ ತಮ್ಮ ದಾರಿ ಕಾಯುತ್ತಿರಬಹುದು.