ಕವಣಿಗೆ ಕೋಲು ಕಟ್ಟಿದರೆ ಲಕ್ರಾಸ್!

2023ರ ಅಕ್ಟೋಬರ್ 16ರಂದು ಮುಂಬೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಸಭೆ ಸೇರಿ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಐದು ಆಟಗಳನ್ನು ಸೇರಿಸಿತು. ಮರುದಿನ ನಮ್ಮ ಪೇಪರು, ಟೀವಿ, ವಾಟ್ಸಾಪು ಎಲ್ಲದರಲ್ಲೂ ಒಂದೇ ಸುದ್ದಿ. 1900ರ ನಂತರ ಕ್ರಿಕೆಟ್ ಮತ್ತೆ ಒಲಿಂಪಿಕ್ಸ್‌ಗೆ ಬಂತು! ಅದೇ ಪಟ್ಟಿಯಲ್ಲಿ ಸ್ಕ್ವಾಷ್, ಬೇಸ್‌ಬಾಲ್-ಸಾಫ್ಟ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್ ಜೊತೆಗೆ ಲಕ್ರಾಸ್ ಅಂತ ಇನ್ನೊಂದು ಹೆಸರಿತ್ತು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ನಾನು ಗಮನಿಸಿದ್ದಕ್ಕೆ ಕಾರಣ ನಮ್ಮೂರಿನ ಗೆಳೆಯ. ನಾನು ಹುಟ್ಟಿ ಬೆಳೆದದ್ದು ಸುರಪುರ, ಈಗ ಹೊಟ್ಟೆಪಾಡು ಬೆಂಗಳೂರಿನಲ್ಲಿ, ಕೋಡ್ ಕುಟ್ಟುವ ಕೆಲಸ. ಊರಿನಲ್ಲೇ ಉಳಿದ ಗೆಳೆಯರು ಬೇಸಿಗೆ ರಜೆಯಲ್ಲಿ ಓಣಿಯ ಹುಡುಗರನ್ನು ಸೇರಿಸಿ ಏನಾದರೂ ಮಾಡಬೇಕು ಅಂತ ಆಗಾಗ ಮಾತಾಡುತ್ತಿರುತ್ತಾರೆ. ಅವರಲ್ಲೊಬ್ಬ ಕೇಳಿದ: "ಲೇ, ಅದೇನೋ ಜಾಳಿಗಿ ಕಟ್ಟಿದ ಕೋಲಿನ ಆಟ ಐತಂತಲ್ಲೋ, ನಮ್ಮ ಹುಡುಗರಿಗೆ ಕಲಿಸಿದ್ರ ಹೆಂಗ? ಎಲ್ಲಾರಿಗೂ ಹೊಸಾದು, ಎಲ್ಲಾರೂ ಸೊನ್ನೆಯಿಂದ ಶುರು ಮಾಡ್ತಾರ."

ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಕ್ರಿಕೆಟ್ಟಿನಲ್ಲಿ ಬ್ಯಾಟು ಇದ್ದವನೇ ಕ್ಯಾಪ್ಟನ್, ಹುಡುಗಿಯರಿಗೆ ಬೌಂಡರಿ ಆಚೆ ಜಾಗ. ಯಾರಿಗೂ ಗೊತ್ತಿಲ್ಲದ ಆಟದಲ್ಲಿ ಆ ಮೇಲು ಕೀಳು ಇರೋದಿಲ್ಲ. ಹಾಗಾದರೆ ಈ ಆಟ ಎಲ್ಲಿಂದ ಬಂತು, ಯಾರದು, ಹೊಸ ಆಟಗಳು ನಮ್ಮ ಕಡೆ ಹೇಗೆ ಬಂದು ನೆಲೆ ನಿಂತವು ಅಂತ ಓದುತ್ತಾ ಹೋದೆ. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಆಟದ ವಿಷಯ. ಒಂದು ಉದ್ದನೆಯ ಕೋಲು, ಅದರ ತುದಿಗೆ ಬಲೆಯ ಚೀಲ. ರಬ್ಬರ್ ಚೆಂಡನ್ನು ಆ ಬಲೆಯಲ್ಲೇ ಹಿಡಿಯಬೇಕು, ಹೊತ್ತುಕೊಂಡು ಓಡಬೇಕು, ಅದರಿಂದಲೇ ಬೀಸಿ ಗೆಳೆಯನಿಗೋ ಗೋಲಿಗೋ ಎಸೆಯಬೇಕು. ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಲು ಕವಣಿ ಬೀಸುತ್ತಾರಲ್ಲ, ಆ ಕವಣಿಯನ್ನು ಒಂದು ಕೋಲಿನ ತುದಿಗೆ ಕಟ್ಟಿದ ಹಾಗೆ, ಅಷ್ಟೇ! ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳ ಅಜ್ಜಂದಿರ ಕೈಗೆ ಈ ಕೋಲು ಕೊಟ್ಟರೆ ಮೊಮ್ಮಕ್ಕಳಿಗಿಂತ ಮೊದಲು ಅವರೇ ಕಲಿತಾರು :-)

ಹೆಸರೇನೋ ಫ್ರೆಂಚ್, ಆದರೆ ಆಟ ಫ್ರೆಂಚರದ್ದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳು ಯುರೋಪಿಯನ್ನರು ಕಾಲಿಡುವುದಕ್ಕಿಂತ ಎಷ್ಟೋ ಮೊದಲಿನಿಂದ ಇದನ್ನು ಆಡುತ್ತಿದ್ದರು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗಾ, ಸೆನೆಕಾ, ಟಸ್ಕರೋರಾ ಎಂಬ ಆರು ಜನಾಂಗಗಳು ಸೇರಿದ ಹೊಡಿನೊಶೋನಿ ಒಕ್ಕೂಟಕ್ಕಂತೂ ಇದು ಬರೀ ಆಟವಲ್ಲ, ಸೃಷ್ಟಿಕರ್ತನಿಗೆ ಅರ್ಪಿಸುವ ಸೇವೆ. ಊರಿನಲ್ಲಿ ಯಾರಿಗಾದರೂ ಕಾಯಿಲೆಯಾದರೆ ಗುಣವಾಗಲಿ ಅಂತ ಆಡುತ್ತಾರೆ. ಹಿಕರಿ ಮರದ ಕೋಲನ್ನು ಬಗ್ಗಿಸಿ, ಜಿಂಕೆ ಚರ್ಮದ ಎಳೆಗಳಿಂದ ಬಲೆ ಹೆಣೆಯುತ್ತಿದ್ದರು. ಮಳೆ ಬರಲಿ ಅಂತ ನಮ್ಮ ಹಳ್ಳಿಗಳಲ್ಲಿ ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರಲ್ಲ, ಅದು ಆಟವೋ ಪೂಜೆಯೋ? ಹಾಗೇ ಇದೂ.

1636ರಲ್ಲಿ ಜಾನ್ ದ ಬ್ರೆಬಫ್ ಎಂಬ ಫ್ರೆಂಚ್ ಪಾದ್ರಿ ಈ ಆಟದ ಬಗ್ಗೆ ಬರೆದ. ಕೊಕ್ಕೆ ಕೋಲು ಎಂಬರ್ಥದ 'ಲಾ ಕ್ರಾಸ್' ಎಂಬ ಅವನ ಪದವೇ ಜಗತ್ತಿಗೆ ಉಳಿಯಿತು. ಮೊಹಾಕರ ಭಾಷೆಯ ಹೆಸರು ಹಿಂದೆ ಸರಿಯಿತು. ಆಮೇಲೆ ಬಂದವನು ಮಾಂಟ್ರಿಯಲ್‌ನ ವಿಲಿಯಂ ಜಾರ್ಜ್ ಬಿಯರ್ಸ್, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. 1867ರಲ್ಲಿ ಆಟಕ್ಕೆ ನಿಯಮಗಳನ್ನು ಬರೆದ, ಸಂಘ ಕಟ್ಟಿದ. 1876ರಲ್ಲಿ ಮೊಹಾಕ್ ಆಟಗಾರರನ್ನೂ ಮಾಂಟ್ರಿಯಲ್‌ನ ಬಿಳಿಯರ ತಂಡವನ್ನೂ ಇಂಗ್ಲೆಂಡಿಗೆ ಕರೆದೊಯ್ದು ವಿಂಡ್ಸರ್‌ನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಆಡಿಸಿದ. ಅದೇ ವರ್ಷ ಆ ರಾಣಿಗೆ ಭಾರತದ ಸಾಮ್ರಾಜ್ಞಿ ಎಂಬ ಬಿರುದೂ ಸೇರಿಕೊಂಡಿತ್ತು.

ಸ್ವಲ್ಪ ವರ್ಷ ಬಿಟ್ಟು ಏನಾಯಿತು ನೋಡಿ. ದುಡ್ಡು ತೆಗೆದುಕೊಂಡು ಆಡುವವರು 'ಅಮೆಚೂರ್' ಅಲ್ಲ ಎಂಬ ನಿಯಮ ಬಂತು. ದೂರದಿಂದ ಆಡಲು ಬರುವ ಮೂಲನಿವಾಸಿಗಳಿಗೆ ಪ್ರಯಾಣದ ಖರ್ಚಿಗೆ ದುಡ್ಡು ಬೇಕೇಬೇಕಿತ್ತು. ಹೀಗಾಗಿ 1880ರಿಂದ ಕೆನಡಾದ ಚಾಂಪಿಯನ್‌ಶಿಪ್ಪುಗಳಿಂದ ಅವರೇ ಹೊರಗೆ! ತಮ್ಮದೇ ಆಟದಿಂದ ಹೊರಗೆ!! ಅವರ ತಂಡ ಮತ್ತೆ ಕಟ್ಟಿದ್ದು 1983ರಲ್ಲಿ, ವಿಶ್ವ ಚಾಂಪಿಯನ್‌ಶಿಪ್ ಆಡಿದ್ದು 1990ರಲ್ಲಿ. ನಡುವೆ ನೂರಕ್ಕೂ ಹೆಚ್ಚು ವರ್ಷ. 2010ರಲ್ಲಿ ಅವರ ಸ್ವಂತ ಪಾಸ್‌ಪೋರ್ಟನ್ನು ಬ್ರಿಟನ್ ಒಪ್ಪದೆ ಮ್ಯಾಂಚೆಸ್ಟರ್ ಟೂರ್ನಿ ತಪ್ಪಿತು. 2022ರ ವರ್ಲ್ಡ್ ಗೇಮ್ಸ್‌ಗೆ ಮೊದಲು ಕರೆಯಲೇ ಇಲ್ಲ. ಆಗ ಐರ್ಲೆಂಡ್ ತಂಡ ತಾನು ಹಿಂದೆ ಸರಿದು ತನ್ನ ಜಾಗವನ್ನು ಅವರಿಗೆ ಬಿಟ್ಟುಕೊಟ್ಟಿತು. ಇದನ್ನು ಓದಿದಾಗ ಐರಿಶರ ಮೇಲೆ ಗೌರವ ಹೆಚ್ಚಾಯಿತು. ಒಲಿಂಪಿಕ್ಸ್‌ನಲ್ಲೂ ಇದೇ ತೊಡಕು. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದ್ದವರಿಗೆ ಮಾತ್ರ ಅಲ್ಲಿ ತಂಡ, ಹೊಡಿನೊಶೋನಿಗಳಿಗೆ ಅಂಥ ಸಮಿತಿಯ ಮಾನ್ಯತೆ ಇಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಮೊಹಾಕ್ ಆಟಗಾರರ ತಂಡವೊಂದು ಕಂಚು ಗೆದ್ದಿತ್ತು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಸುರಪುರದವನಾದ ನನಗೆ ಈ ಕಥೆ ದೂರದ್ದು ಅನ್ನಿಸಲಿಲ್ಲ. ನಮ್ಮ ಬೇಡರ ಸಂಸ್ಥಾನದ ಕಥೆಯನ್ನು ಹೊರಗಿನವರು ಹೆಚ್ಚಾಗಿ ಓದಿದ್ದು ಮೆಡೋಸ್ ಟೇಲರ್ ಸಾಹೇಬನ ಪುಸ್ತಕದಲ್ಲಿ. 1840ರ ದಶಕದಿಂದ 1853ರವರೆಗೆ ಇಲ್ಲಿದ್ದ ಆತ ಒಳ್ಳೆಯವನೇ, ಬಾಲಕ ರಾಜ ವೆಂಕಟಪ್ಪ ನಾಯಕನನ್ನು ಮಗನಂತೆ ಕಂಡವನೇ. ಆದರೂ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಆ ತರುಣ ರಾಜನ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕೂ ಜನ ನೋಡುವುದು ಟೇಲರ್ ಬರೆದದ್ದನ್ನೇ. ಪ್ರೀತಿಯಿಂದ ಬರೆದರೂ ಅಷ್ಟೆ, ಬರೆದವನ ಕೈಯಲ್ಲಿ ಕಥೆ ಅವನದಾಗುತ್ತದೆ. ಬಿಯರ್ಸ್‌ನ ಕೈಯಲ್ಲಿ ಲಕ್ರಾಸ್ ಆದದ್ದೂ ಅದೇ.

ಸರಿ, ಆಟ ಯಾರದು ಅಂತ ಗೊತ್ತಾಯಿತು. ಇನ್ನು ನಮ್ಮ ಕಡೆಗೆ ಹೊಸ ಆಟಗಳು ಹೇಗೆ ಬಂದವು?

ನಮ್ಮ ಭಾಗದ ಯಾವ ಹಳ್ಳಿಗೆ ಹೋದರೂ ಶಾಲೆಯ ಮುಂದೆ ಎರಡು ಕಂಬ, ನಡುವೆ ಹರಕು ನೆಟ್ಟು ಕಾಣುತ್ತದಲ್ಲ, ಆ ವಾಲಿಬಾಲ್ ಹುಟ್ಟಿದ್ದು 1895ರಲ್ಲಿ, ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅದನ್ನು ಕಟ್ಟಿದ ಜೇಮ್ಸ್ ನೈಸ್ಮಿತ್ ಸ್ವತಃ ಲಕ್ರಾಸ್ ಆಟಗಾರ! ಇವೆರಡನ್ನೂ ಭಾರತಕ್ಕೆ ತಂದವರು ವೈಎಂಸಿಎಯ ತರುಣರು. ಆದರೆ ಆಟಗಳು ಬೇರು ಬಿಟ್ಟದ್ದು ಅವರ ಪ್ರದರ್ಶನಗಳಿಂದ ಅಲ್ಲ ಅಂತ ನನಗನ್ನಿಸುತ್ತದೆ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ಮ್ಯಾನೇಜರ್ ಆಗಿ ಹೋದವನೂ ಅವನೇ. ಅವನ ಜಾಣತನ ಇದ್ದದ್ದು ಇಲ್ಲಿ: ಮಕ್ಕಳಿಗೆ ಆಟ ಕಲಿಸುವ ಬದಲು ಮಾಸ್ತರರಿಗೆ ಕಲಿಸಿದ. ಒಬ್ಬ ಪಿಇ ಮಾಸ್ತರು ಒಂದು ಶಾಲೆಗೆ ಹೋದರೆ ಮೂವತ್ತು ವರ್ಷ ಆಟ ಅಲ್ಲೇ ಉಳಿಯುತ್ತದೆ.

ಅದೇ ಕಾಲದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ ಬಂದ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಕೇಂದ್ರ ಹುಬ್ಬಳ್ಳಿ. ತರುಣ ತರುಣಿಯರಿಗೆ ಶಿಬಿರ, ಕವಾಯತು, ವ್ಯಾಯಾಮ, ಶಿಸ್ತು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ನೋಡಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದ ಸ್ವಯಂಸೇವಕರ ಹಿಂದೆ ಇದ್ದದ್ದು ಇವರೇ. ಮನೆ ಬಿಟ್ಟು ಹೊರಬರದಿದ್ದ ಹೆಣ್ಣುಮಕ್ಕಳು ಮೈದಾನಕ್ಕೆ ಇಳಿದದ್ದು ಸಣ್ಣ ಮಾತಲ್ಲ. 1932ರಲ್ಲಿ ಬ್ರಿಟಿಷ್ ಸರಕಾರ ಸೇವಾದಳವನ್ನು ನಿಷೇಧಿಸಿತು. ಬಕ್‌ನ ಕಾಲೇಜು ಸರಕಾರದ ಕಣ್ಣಿಗೆ ನಿರುಪದ್ರವಿ, ಅದಕ್ಕೇ ಬೆಳೆಯಿತು. ಹರ್ಡೀಕರರ ಶಿಬಿರಗಳು ದೇಶಕ್ಕೆ ಬೇಕಾದ್ದನ್ನು ಕೊಟ್ಟವು, ಆದರೆ ಮೈದಾನದಲ್ಲಿ ಉಳಿಯಲು ಅವಕ್ಕೆ ಯಾರೂ ಬಿಡಲಿಲ್ಲ.

ಮೂರನೆಯ ದಾರಿಯೂ ಇದೆ. ಪುಣೆಯ ಡೆಕ್ಕನ್ ಜಿಮ್‌ಖಾನಾದವರು 1914ರಲ್ಲಿ ಖೊಖೊ ಆಟಕ್ಕೆ ನಿಯಮ ಬರೆಯಲು ಕೂತರು. ತಮ್ಮ ಓಣಿಯ ಆಟಕ್ಕೆ ತಾವೇ ನಿಯಮ ಬರೆದುಕೊಂಡರು. ಅದಕ್ಕೇ ಖೊಖೊ ಇವತ್ತು ನಮ್ಮ ಶಾಲೆಗಳ ಕ್ರೀಡಾಕೂಟದಲ್ಲಿದೆ. ನಮ್ಮ ಚಿಣಿಪಣಿಗೆ ಆ ಭಾಗ್ಯ ಸಿಗಲಿಲ್ಲ. ಓಣಿಗೊಂದು ಅಳತೆ, ಊರಿಗೊಂದು ಲೆಕ್ಕ. ಅದು ಅದರ ಚಂದವೂ ಹೌದು, ಸಾಯುತ್ತಿರುವುದಕ್ಕೆ ಕಾರಣವೂ ಹೌದು.

ಇಷ್ಟೆಲ್ಲ ಓದಿದ ಮೇಲೆ ಗೆಳೆಯನಿಗೆ ನಾನು ಹೇಳಿದ್ದು ಮೂರು ಮಾತು.

ಒಂದು, ಖಂಡಿತ ಕಲಿಸು. ಒಲಿಂಪಿಕ್ಸ್‌ನ 'ಸಿಕ್ಸಸ್' ಮಾದರಿಯಲ್ಲಿ ತಂಡಕ್ಕೆ ಆರೇ ಜನ, ಎಂಟು ನಿಮಿಷದ ನಾಲ್ಕು ಪಾಳಿ, 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನ ಸಾಕು. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲು ನಿನಗೆ ಗೊತ್ತೇ ಇದೆ, ಬೆಳಗ್ಗೆ ಎಂಟರೊಳಗೆ ಮುಗಿಸು. ಗಟ್ಟಿ ಚೆಂಡು ಬೇಡ, ಸಣ್ಣವರಿಗೆ ಮೆತ್ತನೆಯದು ಕೊಡು. ಬೆತ್ತದ ಕೋಲಿಗೆ ಜಾಳಿಗಿ ಹೆಣೆಯುವುದನ್ನೂ ಮಕ್ಕಳಿಗೇ ಬಿಡು.

ಎರಡು, ಆಟದ ಜೊತೆ ಅದರ ಒಡೆಯರ ಹೆಸರೂ ಹೇಳು. ನಮ್ಮ ಹುಡುಗರಿಗೆ ಹೊಡಿನೊಶೋನಿ ಎಂಬ ಹೆಸರು ನಾಲಗೆಗೆ ಕಷ್ಟ ಅನ್ನಬೇಡ, ಅವರು ಸಿನಿಮಾ ನಟರ ಹೆಸರೆಲ್ಲ ತಪ್ಪಿಲ್ಲದೆ ಹೇಳುತ್ತಾರೆ.

ಮೂರು, ಇದೇ ಮುಖ್ಯ. ಶಿಬಿರಕ್ಕೆ ಪಕ್ಕದ ಶಾಲೆಗಳ ಪಿಇ ಮಾಸ್ತರರನ್ನೂ ಕರೆ, ಅವರ ಕೈಗೂ ಕೋಲು ಕೊಡು. ಹತ್ತು ದಿನದ ಶಿಬಿರ ಮುಗಿದ ಮೇಲೆ ನಾವು ನೀವು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ನಮ್ಮ ಭಾಗದ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಜೊತೆ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವವರು. ನಾನು ಕೆಲಸ ಮಾಡುವ ಕಟ್ಟಡಗಳ ಪಕ್ಕದಲ್ಲೇ, ಇನ್ನೊಂದು ಕಟ್ಟಡದ ಮರಳಿನ ಗುಡ್ಡೆಯ ಮೇಲೆ ನಮ್ಮ ಕಡೆಯ ಮಾತಾಡುವ ಮಕ್ಕಳು ಆಡುವುದನ್ನು ನೋಡಿದ್ದೇನೆ. ಅವರು ಜೂನ್‌ನಲ್ಲಿ ಊರಿಗೆ ಮರಳಿದಾಗ ಆಟ ಅವರಿಗಾಗಿ ಕಾಯುತ್ತಿರಬೇಕು. ಶಿಬಿರ ಕಾಯೋದಿಲ್ಲ, ಶಾಲೆ ಕಾಯುತ್ತದೆ.

ಯಾದಗಿರಿ ಜಿಲ್ಲೆಯಾದದ್ದು 2010ರಲ್ಲಿ, ನಾನಿನ್ನೂ ಹೈಸ್ಕೂಲು ಮೆಟ್ಟಿಲು ಹತ್ತುವ ಹೊತ್ತಿಗೆ. ಅಂದಿನಿಂದ ಪೇಪರಿನಲ್ಲಿ ನಮ್ಮ ಹೆಸರು ಬರುವುದು ಹೆಚ್ಚಾಗಿ 'ಹಿಂದುಳಿದ' ಎಂಬ ವಿಶೇಷಣದ ಜೊತೆಗೇ. ಎಲ್ಲರೂ ಸೊನ್ನೆಯಿಂದ ಶುರು ಮಾಡುವ ಆಟದಲ್ಲಿ ಹಿಂದುಳಿದವರು ಅಂತ ಯಾರೂ ಇಲ್ಲ. ಆ ಒಂದು ಕಾರಣಕ್ಕಾದರೂ ಈ ಕೋಲು ನಮ್ಮ ಮಕ್ಕಳ ಕೈಗೆ ಬರಲಿ. ಜೊತೆಗೆ, ಅದೇ ಶಿಬಿರದ ಕೊನೆಯ ದಿನ ಯಾರಾದರೂ ಕೂತು ಚಿಣಿಪಣಿಯ ನಿಯಮಗಳನ್ನೂ ಬರೆದಿಡಲಿ. ನಮ್ಮ ಆಟಕ್ಕೂ ನಾಳೆ ಇನ್ಯಾರೋ ಹೆಸರಿಡುವ ಮೊದಲು.

ನಿಮ್ಮ ಊರಿನ ಚಿಣಿಪಣಿಯಲ್ಲಿ ಲೆಕ್ಕ ಹೇಗಿತ್ತು? ನೆನಪಿದ್ದವರು ಬರೆಯಿರಿ.