ಅರಸೀಕೆರೆಯ ಕರಡಿ

ಹಾಸನ ಜಿಲ್ಲೆಯಲ್ಲಿ ಮರುಭೂಮಿಯಿಲ್ಲ. ಬೇಲೂರಿನ ಪಶ್ಚಿಮಕ್ಕೆ ಮಲೆನಾಡೇ ಶುರು. ಆದರೆ ಹಳೇಬೀಡು ದಾಟಿ ಈಶಾನ್ಯಕ್ಕೆ ಅರಸೀಕೆರೆಯತ್ತ ಸಾಗಿದಂತೆ ಮಳೆ ಇಳಿಮುಖವಾಗಿ, ಕುರುಚಲು ಕಾಡೂ ಬಂಡೆಗುಡ್ಡಗಳೂ ಎದುರಾಗುತ್ತವೆ. ಹಿರೇಕಲ್ ಗುಡ್ಡದಂಥ ಈ ನೆಲೆಗಳಲ್ಲಿ ಬಿಸಿಲು, ನೀರಿನ ಬರ ಎರಡನ್ನೂ ತಾಳಿಕೊಂಡು ಬಾಳುವ ದೊಡ್ಡ ಪ್ರಾಣಿ ಕರಡಿ (ಮೆಲರ್ಸಸ್ ಅರ್ಸಿನಸ್).

ಉದ್ದನೆಯ ಕಪ್ಪು ಕೂದಲು ಬೇಸಿಗೆಗೆ ಒಗ್ಗದ ಉಡುಪಿನಂತೆ ಕಾಣುತ್ತದೆ. ಆದರೆ ಚಳಿನಾಡಿನ ಕರಡಿಗಳಿಗಿರುವ ದಟ್ಟ ಒಳತುಪ್ಪಳ ಇದಕ್ಕಿಲ್ಲ. ಹೊಟ್ಟೆಯ ಭಾಗದಲ್ಲಂತೂ ಕೂದಲು ತೀರಾ ವಿರಳ. ಹಗಲೆಲ್ಲ ಬಂಡೆಯ ಪೊಟರೆಯಲ್ಲಿ ಮಲಗಿದ್ದು, ಹೊತ್ತು ಮುಳುಗಿದ ಮೇಲೆ ಹೊರಬೀಳುತ್ತದೆ.

ಗೆದ್ದಲು ತಿನ್ನುವ ರೀತಿಯನ್ನು ನೋಡಬೇಕು. ಗಟ್ಟಿ ಹುತ್ತವನ್ನು ನೀಳ ಉಗುರುಗಳಿಂದ ಬಗೆದು, ಮೂತಿ ತೂರಿಸಿ, ಮೊದಲು ಮಣ್ಣನ್ನು ಊದಿ ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಹುಳುಗಳನ್ನು ಸೊರ್ರನೆ ಹೀರುತ್ತದೆ. ಮೇಲ್ದವಡೆಯ ನಡುವಿನ 2 ಬಾಚಿಹಲ್ಲುಗಳಿಲ್ಲದ ಸಂದಿಯೇ ಇದಕ್ಕೆ ದಾರಿ. ಹುಳು, ಹಣ್ಣುಗಳಿಂದ ನೀರಿನಂಶವೂ ಸಿಗುತ್ತದೆ. ಅಷ್ಟು ಸಾಲದೆ ಕಡುಬೇಸಿಗೆಯಲ್ಲಿ ಕೆರೆ, ತೋಟಗಳಿಗೆ ಇಳಿಯುವುದರಿಂದಲೇ ಮನುಷ್ಯರೊಡನೆ ಮುಖಾಮುಖಿಯಾಗುವುದು.

ನೀರಿನ ಬರ ತಾಳುವುದರಲ್ಲಿ ಕರಡಿಗಿಂತ ಒಂದು ಕೈ ಮೇಲು ಚಿಂಕಾರ ಎಂಬ ಹುಲ್ಲೆ. ಎಲೆ, ಇಬ್ಬನಿಯ ತೇವದಲ್ಲೇ ಅದು ಬಹುಕಾಲ ಕಳೆಯಬಲ್ಲದು. ರಾಜ್ಯದಲ್ಲಿ ಅದರ ಹೆಸರಿನ ಅಭಯಾರಣ್ಯವೊಂದು ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿದೆ.