ನಾರುಹುಣ್ಣು ನಮ್ಮ ಊರುಗಳನ್ನು ಬಿಟ್ಟುಹೋದ ಬಗೆ

ಇಂದಿನ ಮಕ್ಕಳಿಗೆ ‘ನಾರುಹುಣ್ಣು’ ಎಂಬ ಶಬ್ದವೇ ತಿಳಿಯದು. ತಿಳಿಯದಿರುವುದು ಒಳ್ಳೆಯದೇ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಎಂಟನೆಯ ಇಯತ್ತೆಯ ವಿಜ್ಞಾನದ ತಾಸಿನಲ್ಲಿ ಕರಿಹಲಗೆಯ ಮೇಲೆ ನಾನು ಬರೆಯುತ್ತಿದ್ದ ಸೈಕ್ಲಾಪ್ಸ್ ಚಿತ್ರ ನೆನಪಿರಬಹುದು. ಗ್ರೀಕರ ಪುರಾಣದ ಒಕ್ಕಣ್ಣಿನ ರಾಕ್ಷಸನ ಹೆಸರನ್ನು ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ನೀರುಪ್ರಾಣಿಗೆ ಇಟ್ಟದ್ದನ್ನು ಕೇಳಿ ನೀವೆಲ್ಲ ನಗುತ್ತಿದ್ದಿರಿ. ಆ ಒಕ್ಕಣ್ಣನು ನಮ್ಮ ಹಿರಿಯರನ್ನು ಎಷ್ಟು ಕಾಡಿದನೆಂಬುದನ್ನು ಹೇಳಲು ಆಗ ಪಠ್ಯಕ್ರಮದಲ್ಲಿ ಅವಕಾಶವಿರಲಿಲ್ಲ.

ಮೊದಲು ನಮ್ಮ ನೆಲದ ಮಾತು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸುತ್ತಣದು ಎರೆಭೂಮಿ. ಜೋಳ, ಹತ್ತಿ, ಕಡಲೆಗೆ ಹೇಳಿ ಮಾಡಿಸಿದ ಮಣ್ಣು. ಆದರೆ ಬಾವಿ ತೋಡಿದರೆ ಬರುವುದು ಬಹುಮಟ್ಟಿಗೆ ಸವಳು ನೀರು. ಅದರಲ್ಲಿ ಬೇಳೆ ಬೇಯದು, ಬಾಯಾರಿಕೆಯೂ ಹೋಗದು. ಆದುದರಿಂದ ಊರವರೆಲ್ಲ ಮಳೆಯ ನೀರು ನಿಲ್ಲುವ ಕೆರೆಯನ್ನೇ ಕುಡಿಯಲು ನೆಚ್ಚಿಕೊಂಡರು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯವರಿಗೆ ಈ ಬವಣೆ ಅಷ್ಟಾಗಿ ಅರ್ಥವಾಗಲಾರದು. ಇಲ್ಲಿ ಚೈತ್ರ, ವೈಶಾಖಗಳಲ್ಲಿ ಕೆರೆ ಕುಗ್ಗಿ ನಡುವಿನ ಗುಂಡಿಯಲ್ಲಿ ಮಾತ್ರ ನೀರು ಉಳಿಯುತ್ತಿತ್ತು. ಕೊಡ ತುಂಬಬೇಕಾದರೆ ಮೊಣಕಾಲು ಮುಳುಗುವವರೆಗೆ ಇಳಿಯಲೇಬೇಕು. ಇರುವ ಸ್ವಲ್ಪ ನೀರಿನಲ್ಲಿ ಸೈಕ್ಲಾಪ್ಸ್‌ಗಳೂ ಒತ್ತೊತ್ತಾಗಿ ಸೇರುತ್ತಿದ್ದವು.

ನಾರುಹುಣ್ಣಿನ ಹುಳು ಮನುಷ್ಯನ ಒಡಲನ್ನು ಹೊಗುವುದು ಈ ನೀರಿನ ಮೂಲಕ. ಹುಳುವಿನ ಮರಿಗಳನ್ನು ನುಂಗಿದ ಸೈಕ್ಲಾಪ್ಸ್ ನೀರಿನೊಂದಿಗೆ ನಮ್ಮ ಹೊಟ್ಟೆ ಸೇರಿದರೆ, ಜಠರದ ಆಮ್ಲಕ್ಕೆ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಸಾಯುವುದಿಲ್ಲ. ಅದು ಕರುಳಿನ ಗೋಡೆಯನ್ನು ತೂರಿ ಒಳಸೇರುತ್ತದೆ. ಗಂಡು ಹುಳು ಕೂಡಿದ ಬಳಿಕ ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷ ಚರ್ಮದ ಕೆಳಗೆ ಸಂಚರಿಸುತ್ತ ಎರಡು, ಮೂರು ಅಡಿ ಉದ್ದ ಬೆಳೆಯುತ್ತದೆ. ವಿಶೇಷವೆಂದರೆ, ಅಷ್ಟು ದಿನವೂ ಮನುಷ್ಯನಿಗೆ ಅದರ ಸುಳಿವೇ ಇರುವುದಿಲ್ಲ. ಕೊನೆಗೆ ಒಂದು ದಿನ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ಒಂದು ಬೊಬ್ಬೆ ಏಳುತ್ತದೆ. ಬೆಂಕಿಯಿಟ್ಟಂತೆ ಉರಿ. ಉರಿ ತಾಳದೆ ಮನುಷ್ಯನು ಕಾಲನ್ನು ನೀರಿನಲ್ಲಿಡುತ್ತಾನೆ. ಹುಳುವಿಗೆ ಬೇಕಾದುದೂ ಅದೇ! ಬೊಬ್ಬೆ ಒಡೆದು ಅದು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಡುತ್ತದೆ. ಅವನ್ನು ಸೈಕ್ಲಾಪ್ಸ್ ತಿನ್ನುತ್ತದೆ. ಎರಡು ವಾರಗಳಲ್ಲಿ ಮರಿಗಳು ಮತ್ತೊಬ್ಬರ ಹೊಟ್ಟೆಗೆ ಹೋಗಲು ಸಿದ್ಧ.

ಇದಕ್ಕೆ ಔಷಧಿಯಿಲ್ಲ, ಲಸಿಕೆಯಿಲ್ಲ. ಒಮ್ಮೆ ಬಂದರೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಹುಳುವಿನ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟು ಹೊರಕ್ಕೆ ಎಳೆಯುವುದೊಂದೇ ದಾರಿ. ಸಾವಿರಾರು ವರ್ಷಗಳಿಂದ ಅದೇ ನಡೆದುಬಂದಿದೆ. ಅವಸರಪಟ್ಟು ಎಳೆದರೆ ಹುಳು ತುಂಡಾಗಿ, ಒಳಗುಳಿದ ಭಾಗ ಕೀವಾಗಿ, ಕೆಲವೊಮ್ಮೆ ಕೀಲು ಬಿಗಿದು ಹೋಗುತ್ತದೆ. ನಮ್ಮ ತಾಯಿಯವರ ಸೋದರಮಾವಂದಿರಿಗೆ ಎಡಮೊಣಕಾಲು ಮಡಚಲು ಬರುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಆ ಕಾಲನ್ನು ಚಾಚಿಯೇ ಕುಳಿತುಕೊಳ್ಳುತ್ತಿದ್ದರು. ಚಿಕ್ಕವರಾದ ನಾವು ಕೇಳಿದರೆ, “ನಾರು ಹರದಿತ್ತಪಾ, ಬಿತ್ತೂ ದಿನಾ, ಕೂಡಾಕ ಎಲ್ಲಿ ಪುರಸತ್ತು?” ಎನ್ನುತ್ತಿದ್ದರು. ಬೇಸಿಗೆಯಲ್ಲಿ ಕುಡಿದ ಹುಳು ಮರುವರ್ಷ ಮುಂಗಾರಿನ ಹೊತ್ತಿಗೇ ಹೊರಬರುವುದು ಈ ರೋಗದ ಕ್ರೂರ ಲೆಕ್ಕ. ರೈತನು ಮಲಗಬಾರದ ತಿಂಗಳಲ್ಲಿ ಮಲಗುತ್ತಿದ್ದನು. ಇದು ಕೊಲ್ಲುತ್ತಿದ್ದುದು ಅಪರೂಪ, ಬಿತ್ತನೆ ತಪ್ಪಿಸುತ್ತಿದ್ದುದು ಖಂಡಿತ.

ನಮ್ಮ ಭಾಗದ ಎಷ್ಟೋ ಊರುಗಳಲ್ಲಿ ಕುಡಿಯುವ ನೀರಿನ ಕೆರೆಗೆ ಚಪ್ಪಲಿ ಮೆಟ್ಟಿ ಇಳಿಯುವಂತಿಲ್ಲ. ಕೆರೆಯೆಂದರೆ ತಾಯಿ, ಅಲ್ಲಿ ಉಗುಳಬಾರದು, ಬಟ್ಟೆ ಒಗೆಯಬಾರದು. ಇದು ಒಳ್ಳೆಯ ಸಂಸ್ಕಾರವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಚಪ್ಪಲಿಯನ್ನು ದಂಡೆಯ ಮೇಲೆ ಭಕ್ತಿಯಿಂದ ಬಿಟ್ಟು, ಹುಣ್ಣಾದ ಬರಿಗಾಲನ್ನು ನೀರಿಗೆ ಇಡುತ್ತಿದ್ದೆವು. ಹುಳುವಿಗೆ ಮಡಿ ಮೈಲಿಗೆಯ ಹಂಗಿಲ್ಲ. ಹಾಗೆಯೇ, ಕಟ್ಟೆ ಕಟ್ಟಿದ ಸೇದುಬಾವಿಯಿಂದ ಹಗ್ಗ ಕೊಡಗಳಲ್ಲಿ ನೀರು ಸೇದುವವರ ಕಾಲು ನೀರಿಗೆ ತಾಗುವುದಿಲ್ಲ. ಅಂಥ ಬಾವಿಯಿಂದ ಈ ರೋಗ ಹರಡದು. ಯಾರಿಗೆ ಅಂಥ ಬಾವಿಯ ಕಟ್ಟೆ ಹತ್ತುವ ಅಧಿಕಾರವಿರಲಿಲ್ಲವೋ ಅವರ ಪಾಲಿಗೆ ಕೆರೆ, ಹಳ್ಳ, ಹೊಂಡಗಳೇ ಗತಿ. ಇದನ್ನು ಹೇಳದೆ ಈ ಇತಿಹಾಸ ಬರೆದರೆ ಅರ್ಧ ಬರೆದಂತೆ.

ಇನ್ನೊಂದು ಕಡೆ, ಜೈನರು ನೀರನ್ನು ಎರಡು ಪದರಿನ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕೆಂಬ ನಿಯಮವನ್ನು ಬಹು ಹಿಂದಿನಿಂದ ಪಾಲಿಸಿದ್ದಾರೆ. ಅಣ್ಣಿಗೇರಿಯ ಪಾರ್ಶ್ವನಾಥ ಬಸದಿಯನ್ನು ನೋಡಿದವರಿಗೆ ನಮ್ಮ ನಾಡಿನಲ್ಲಿ ಆ ಧರ್ಮದ ಬೇರು ಎಷ್ಟು ಹಳೆಯದೆಂದು ಗೊತ್ತು. ಅವರು ಸೋಸಿದ್ದು ನೀರಿನ ಜೀವಿಗಳ ಮೇಲಣ ಕರುಣೆಯಿಂದ. ಒಕ್ಕಣ್ಣ ಬಟ್ಟೆಯಲ್ಲಿ ಉಳಿದುಬಿಟ್ಟರೆ ಕುಡಿದವನ ಕಾಲೂ ಉಳಿಯಿತು!

ಈ ಚಕ್ರದ ಗುಟ್ಟನ್ನು ಮೊದಲು ಬಿಡಿಸಿದವನು ರಷ್ಯದ ಅಲೆಕ್ಸೈ ಫೆದ್ಚೆಂಕೊ. 1870ರಲ್ಲಿ ತುರ್ಕಿಸ್ತಾನದಲ್ಲಿ ಮರಿಹುಳುಗಳು ಸೈಕ್ಲಾಪ್ಸ್‌ನ ದೇಹ ಸೇರುವುದನ್ನು ಅವನು ಕಂಡನು. ಪಾಪ, ಮೂರೇ ವರ್ಷಗಳಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ತೀರಿಕೊಂಡನು. ನಮಗೆ ಹೆಚ್ಚು ಹತ್ತಿರದ ಕೆಲಸ ನಡೆದುದು ಆಗಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ. ಅಲ್ಲಿ 1930ರ ದಶಕದಲ್ಲಿ ವಿ.ಎನ್. ಮೂರ್ತಿ ಎಂಬ ವಿಜ್ಞಾನಿ ಹಳ್ಳಿಗಳಲ್ಲಿ ಈ ರೋಗವನ್ನು ಕೂಲಂಕಷವಾಗಿ ಅಭ್ಯಸಿಸಿ 1932ರಲ್ಲಿ ಪ್ರಬಂಧ ಪ್ರಕಟಿಸಿದರು. ಸೈಕ್ಲಾಪ್ಸ್ ತಿನ್ನುವ ಸಣ್ಣ ಮೀನುಗಳನ್ನು ಮೆಟ್ಟಿಲುಬಾವಿಗಳಿಗೆ ಬಿಡುವ ಉಪಾಯವನ್ನೂ ಅವರು ಪರೀಕ್ಷಿಸಿದರು. ನಾಯಿಗಳಿಗೆ ಈ ಹುಳು ತಗಲಬಲ್ಲದೆಂದು ಪ್ರಯೋಗದಿಂದ ತೋರಿಸಿದರು. ಆಗ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ತುಂಗಭದ್ರೆಯ ಆಚೆ ಒಂದು ಸರಕಾರ, ಈಚೆ ಇನ್ನೊಂದು. ಇಂಥ ಕನ್ನಡಿಗರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲದಿರುವುದು ನನಗೆ ಇಂದಿಗೂ ಸರಿಯೆನಿಸಿಲ್ಲ.

ಭಾರತ ಸರಕಾರವು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದುದು 1983ರ ಸುಮಾರಿಗೆ. 1984ರ ಎಣಿಕೆಯಲ್ಲಿ ಏಳು ರಾಜ್ಯಗಳ 12,840 ಹಳ್ಳಿಗಳಲ್ಲಿ ಹೆಚ್ಚುಕಡಿಮೆ 40,000 ರೋಗಿಗಳು ಕಂಡುಬಂದರು. ಆ ಏಳರಲ್ಲಿ ಕರ್ನಾಟಕವೂ ಒಂದು. ಆರೋಗ್ಯ ಕಾರ್ಯಕರ್ತರು ಊರೂರು ಅಲೆದು ರೋಗಿಗಳನ್ನು ಹುಡುಕಿದರು. ಮೆಟ್ಟಿಲುಬಾವಿಗಳನ್ನು ಮುಚ್ಚಿಸಿ ಸೇದುಬಾವಿ ಮಾಡಿಸಿದರು, ಕೊಳವೆಬಾವಿ ಕೊರೆಯಿಸಿದರು, ನೀರಿಗೆ ಟೆಮೆಫಾಸ್ ಎಂಬ ಔಷಧ ಹಾಕಿದರು, ಸೋಸಲು ಬಟ್ಟೆ ಹಂಚಿದರು.

ಎರೆಭೂಮಿಯಲ್ಲಿ ಕೊಳವೆಬಾವಿಯ ಪವಾಡ ಅಷ್ಟು ಸುಲಭದ್ದಲ್ಲ. ಸವಳು ನೀರನ್ನು ದನಗಳಿಗೂ ಪಾತ್ರೆ ತೊಳೆಯಲೂ ಬಳಸಿ, ಕುಡಿಯಲು ಮತ್ತೆ ಕೆರೆಗೇ ಹೋಗುತ್ತಿದ್ದರು ನಮ್ಮ ಹೆಣ್ಣುಮಕ್ಕಳು. ಅಂದರೆ ಇಲ್ಲಿ ನಿಜವಾದ ರಕ್ಷಣೆ ಕೊಡದ ಬಾಯಿಗೆ ಕಟ್ಟಿದ ಅರಿವೆ, ಮತ್ತು ಹುಣ್ಣಾದ ಕಾಲನ್ನು ನೀರಿಗಿಡಬಾರದೆಂಬ ಎಚ್ಚರ. ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ ಕೊಡಕ್ಕೆ ಕಟ್ಟಿ ಸೋಸುವುದು ಹೇಳಲು ಚಿಕ್ಕ ಕೆಲಸ. ಎರಡು ಕೊಡ ಹೊತ್ತು ಒಂದು ಮೈಲಿ ನಡೆದು ಬಂದವಳಿಗೆ ಪ್ರತಿದಿನ, ಪ್ರತಿಸಲ, ತಪ್ಪದೆ ಅದನ್ನು ಮಾಡುವುದು ಚಿಕ್ಕದಲ್ಲ. 1972ರಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು, ಮಲಪ್ರಭೆಯ ನೀರು ಕಾಲುವೆಯಿಂದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಬೇಸಿಗೆಯ ಗುಂಡಿಯ ನೀರಿನ ಕಷ್ಟ ತಗ್ಗಿದುದೂ ನಿಜ.

ದೇಶದ ಕೊನೆಯ ರೋಗಿ ಕಂಡುಬಂದುದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಸಿಡುಬು ಹೋದಾಗ ಆದ ಸಂಭ್ರಮ ಆಗ ಆಗಲಿಲ್ಲ. ಪತ್ರಿಕೆಗಳ ಒಳಪುಟದ ಸುದ್ದಿಯಾಯಿತು. ಲೋಕದಲ್ಲಿ 1986ರಲ್ಲಿ ಸುಮಾರು 35 ಲಕ್ಷ ರೋಗಿಗಳಿದ್ದ ಕಡೆ 2024ರಲ್ಲಿ ಉಳಿದವರು 15 ಮಂದಿ. ಆದರೆ ಆಫ್ರಿಕದ ಚಾಡ್ ದೇಶದಲ್ಲಿ ಈಚಿನ ವರ್ಷಗಳಲ್ಲಿ ನೂರಾರು ನಾಯಿಗಳಲ್ಲಿ ಹುಳು ಕಾಣಿಸಿಕೊಂಡು, ಮುಗಿಯಿತೆಂದ ಕೆಲಸ ತಡೆದು ನಿಂತಿದೆ. ಮೂರ್ತಿಯವರು ಚಿತ್ರದುರ್ಗದಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಕ್ಕೆ ಎಂಬತ್ತು ವರ್ಷಗಳ ಬಳಿಕ ಹೀಗೆ ಹೊಸ ಅರ್ಥ ಬಂದಿದೆ.

ನಿಮ್ಮ ಮನೆಯ ಹಿರಿಯರಲ್ಲಿ ಯಾರ ಕಾಲಿನ ಮೇಲಾದರೂ ಈ ಹುಣ್ಣಿನ ಕಲೆ ಕಂಡ ನೆನಪಿದ್ದರೆ, ಯಾವ ಊರು, ಯಾವ ಕೆರೆಯ ನೀರು ಎಂಬುದನ್ನು ದಯವಿಟ್ಟು ಬರೆದು ತಿಳಿಸಿರಿ. ನಾರು ತೆಗೆಯುವುದರಲ್ಲಿ ಕೈಪಳಗಿದವರು ಊರಿಗೊಬ್ಬರು ಇರುತ್ತಿದ್ದರು. ಅವರ ಹೆಸರುಗಳು ಸಿಕ್ಕರೆ ಇನ್ನೂ ಸಂತೋಷ.